ಯಮನೂರಪ್ಪನ ಬುತ್ತಿ

ಗಿಣಿಗೇರಾದ ಆ ಖೋಲಿಯನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅವ್ವ ರೊಟ್ಟಿ ಬುಟ್ಟಿಯ ಮೇಲೆ ಹೊದಿಸುತ್ತಿದ್ದ ಹಳೆಯ ಧೋತರದ ತುಂಡು. ಬೆಳಿಗ್ಗೆ ಒಗೆದು ಹಾಕಿದ್ದು ಮಧ್ಯಾಹ್ನಕ್ಕೆ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಫ್ಯಾಕ್ಟರಿಯ ಕರಿಧೂಳು ಪತ್ರಾಸಿನ ಛಾವಣಿಯ ಸಂದಿಯಿಂದ ಇಳಿದು ನೀರಿನ ಕೊಡದ ಮೇಲೆ, ದೇವರ ಪಟದ ಮೇಲೆ, ನನ್ನ ಪಾಟಿಯ ಮೇಲೆ ಕೂರುತ್ತಿತ್ತು. ಸಾಲಾಗಿ ಆರು ಖೋಲಿಗಳು, ಆರಕ್ಕೂ ಸೇರಿ ಒಂದೇ ನಳ. ನಮ್ಮದು ಕೊನೆಯದು. ಕಾಲು ಚಾಚಿ ಮಲಗಿದರೆ ಒಲೆಗೆ ತಾಕುವಷ್ಟು ಅಗಲ. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಎತ್ತುಗಳಿಗೇ ಇದಕ್ಕಿಂತ ದೊಡ್ಡ ಜಾಗವಿತ್ತು. ಅದನ್ನು ಅವ್ವ ದಿನಕ್ಕೆ ಒಂದು ಸಲವಾದರೂ ಹೇಳದೆ ಬಿಡುತ್ತಿರಲಿಲ್ಲ. ಅಪ್ಪ ಕೇಳಿಸಿಕೊಂಡು ನಗುತ್ತಿದ್ದ, ಅವನು ನಕ್ಕಷ್ಟೂ ಅವ್ವನ ಸಿಟ್ಟು ಏರುತ್ತಿತ್ತು. ಆ ಸಿಟ್ಟು ನನಗೂ ಬಂದಿದೆ. ಈಗ ನನ್ನ ಮನೆಯವರು ಅದನ್ನು ಅನುಭವಿಸುತ್ತಿದ್ದಾರೆ.

ನಾವು ಅಲ್ಲಿಗೆ ಬಂದದ್ದು ನನ್ನ ಸಾಲೆಯ ಸಲುವಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ನನಗೆ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮೂರಲ್ಲಿ ನಾಲ್ಕನೆಯ ಇಯತ್ತೆಯ ತನಕ ಮಾತ್ರ ಸಾಲೆ ಇತ್ತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಪಾಟಿಯ ಮೇಲೆ ಅವನ ಹೆಸರು ಬರೆದು ತೋರಿಸಿದರೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇಷ್ಟುದ್ದ ಅದೀನೇನ ನಾ?’ ಎನ್ನುತ್ತಿದ್ದ. ಯಮನೂರಪ್ಪ. ಉದ್ದದ ಹೆಸರೇ. ಪಾಟಿಯ ಒಂದು ಸಾಲಿನ ತುಂಬ ಬರುತ್ತಿತ್ತು. ಅದೇ ಹೊತ್ತಿಗೆ ಗಿಣಿಗೇರಾದ ಸುತ್ತ ಕಬ್ಬಿಣದ ಫ್ಯಾಕ್ಟರಿಗಳು ಏಳುತ್ತಿದ್ದವು. ಕುಷ್ಟಗಿ ಕಡೆಯಿಂದ, ನಮ್ಮ ಕಡೆಯಿಂದ, ಎಲ್ಲೆಲ್ಲಿಂದಲೋ ಗಂಡಸರು ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಅವ್ವನ ಅಣ್ಣ ದ್ಯಾಮಣ್ಣಮಾವ ಹಾಗೆ ಹೋದವರಲ್ಲಿ ಒಬ್ಬ. ಮೇಸ್ತ್ರಿಯೊಬ್ಬನ ಕೈಕೆಳಗೆ ಕೆಲಸ ಹಿಡಿದು, ತನ್ನ ಹೆಸರಿಗೆ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಪಡೆದಿದ್ದ. ಆ ಬಿಲ್ಲೆ ತೋರಿಸಿದರೆ ಮಾತ್ರ ಫ್ಯಾಕ್ಟರಿಯ ಒಳಗೆ ಬಿಡುತ್ತಿದ್ದರು. ಆದರೆ ಭಟ್ಟಿಯ ಝಳ ಮಾವನಿಗೆ ಆಗಿಬರಲಿಲ್ಲ. ಕೆಮ್ಮು ಹತ್ತಿ, ವರ್ಷ ತುಂಬುವುದರೊಳಗೆ ಒಣಗಿ ಕಟ್ಟಿಗೆಯಾಗಿ ಊರಿಗೆ ಬಂದ. ಬಂದವನೇ ನಮ್ಮ ಪಡಸಾಲೆಯಲ್ಲಿ ಕುಳಿತು ಅಪ್ಪನ ಮುಂದೆ ಆ ಬಿಲ್ಲೆ ಇಟ್ಟ.

“ಇದನ್ನ ಬಿಟ್ಟರ ಮತ್ತ ಸಿಗಂಗಿಲ್ಲ, ಯಮನೂರಪ್ಪ. ನೀ ಹೋಗಿ ನನ್ನ ಜಾಗಾದಾಗ ನಿಂದ್ರು. ಹುಡುಗಿ ಸಾಲೀನೂ ಆಗತೈತಿ. ಇಲ್ಲಿ ನಿನ್ನ ಹೊಲಾನೂ ನನ್ನ ಹೊಲಾನೂ ನಾ ನೋಡ್ಕೊಂತೀನಿ. ಮುಯ್ಯಿ ಅಂತ ತಿಳ್ಕೊ.”

“ಮುಖಾ ನೋಡಂಗಿಲ್ಲೇನು?”

“ಮೇಸ್ತ್ರಿಗೆ ಹೇಳೀನಿ. ಅವಗ ಆಳು ಬೇಕು, ಬಿಲ್ಲೆ ಬೇಕು. ಗೇಟಿಗೂ ಹೊಸಾ ವಾಚಮನ್ ಬಂದಾನ.”

ನಮ್ಮ ಕಡೆ ಮುಯ್ಯಿ ಎನ್ನುವುದೊಂದು ರೂಢಿ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿಯುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಕೂಲಿಯ ಮಾತಿಲ್ಲ, ಕಾಗದದ ಮಾತಿಲ್ಲ. ಅಪ್ಪ ಮತ್ತು ಮಾವ ಮೀಸೆ ಮೂಡುವ ಮುಂಚಿನಿಂದ ಹೀಗೆ ಒಬ್ಬರ ಹೊಲಕ್ಕೆ ಒಬ್ಬರು ಹೋಗುತ್ತ ಬಂದವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ನೊಗ ಹಿಡಿಯುತ್ತಿದ್ದ. ಹೀಗಾಗಿ ಫ್ಯಾಕ್ಟರಿಯಲ್ಲಿ ಒಬ್ಬನ ಬದಲು ಇನ್ನೊಬ್ಬ ನಿಲ್ಲುವುದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ದುಡಿಯುವವನ ಹೆಸರನ್ನು ಹೊಲ ಕೇಳುವುದಿಲ್ಲ. ಫ್ಯಾಕ್ಟರಿಯೂ ಹಾಗೇ ಇರುತ್ತದೆಂದು ಇಬ್ಬರೂ ತಿಳಿದರು. ಅವರ ತಪ್ಪು ಅಷ್ಟೇ. ಇಷ್ಟು ವರ್ಷಗಳಾದರೂ ಅದನ್ನು ಮೋಸವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸಾಲೆಗೆ ಹೆಸರು ಹಚ್ಚುವ ದಿನ ಅಪ್ಪ ಕೆಲಸಕ್ಕೆ ಹೋಗಿದ್ದ, ಅವ್ವ ಕರೆದುಕೊಂಡು ಹೋದಳು. ಹೆಡ್‌ಮಾಸ್ತರು ದೊಡ್ಡ ಪುಸ್ತಕ ತೆರೆದು ತಂದೆಯ ಹೆಸರು ಕೇಳಿದರು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬೆರಳಿನಿಂದ ನನ್ನ ಭುಜ ತಿವಿದಳು.

“ನೀನ ಹೇಳವಾ.”

ಅವ್ವ ಗಂಡನ ಹೆಸರನ್ನು ಎಂದೂ ಹೇಳುತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ಹೆದರಿಕೆ. ಮದುವೆ ಮನೆಯಲ್ಲಿ ಎಲ್ಲರೂ ಗಂಟುಬಿದ್ದರೆ ಮಾತ್ರ ಒಡಪು ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ, ಮುಖ ಮುಚ್ಚಿಕೊಂಡು ಓಡಿಬಿಡಬೇಕು. ‘ಹಗೇವು ತುಂಬ ಬಿಳಿಜ್ವಾಳ, ಯಮನೂರಪ್ಪನವರು ಇದ್ದರ ನನ್ನ ಬಾಳ’ ಎಂಬುದು ಅವ್ವನ ಒಡಪು. ಜೀವಮಾನದಲ್ಲಿ ಆಕೆ ಅದನ್ನು ಎರಡೋ ಮೂರೋ ಸಲ ಹೇಳಿದ್ದಾಳು. ಆ ದಿನ ಹೆಡ್‌ಮಾಸ್ತರ ಮುಂದೆ ನಾನು ಎದೆಯುಬ್ಬಿಸಿ ‘ಯಮನೂರಪ್ಪ’ ಎಂದೆ. ಅವರು ಬರೆದುಕೊಂಡರು. ಗಿಣಿಗೇರಾದಲ್ಲಿ ಅಪ್ಪನ ಹೆಸರು ಬರೆದ ಕಾಗದ ಅದೊಂದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಖೋಲಿಯ ಸಾಲಿನಲ್ಲಿ ಅಪ್ಪ ದ್ಯಾಮಣ್ಣನಾಗಿದ್ದ. ಜೊತೆಗೆ ದುಡಿಯುವವರು ಬಿಲ್ಲೆಯ ಹೆಸರು ಹಿಡಿದು ಹಾಗೆ ಕರೆಯುತ್ತಿದ್ದರು, ಅವರ ಹೆಂಡಂದಿರು ಕೇಳಿಸಿಕೊಂಡು ಅವ್ವನನ್ನು ‘ದ್ಯಾಮಣ್ಣನ ಹೆಂಡ್ತಿ’ ಎನ್ನತೊಡಗಿದರು. ನಳದ ಮುಂದೆ ಕೊಡ ಹಿಡಿದು ನಿಂತಾಗ ಯಾರಾದರೂ ಹಾಗೆ ಕೂಗಿದರೆ ಅವ್ವ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಒಂದು ದಿನ ಊಟಕ್ಕೆ ಕುಳಿತ ಅಪ್ಪನ ಮುಂದೆ ತಾಟನ್ನು ಕುಕ್ಕಿದಳು.

“ಒಡಹುಟ್ಟಿದ ಅಣ್ಣನ ಹೆಸರು ಹಿಡದು, ನನ್ನ ಅವನ ಹೆಂಡ್ತಿ ಅಂತಾರ. ಕಿವ್ಯಾಗ ಕಾದ ಎಣ್ಣಿ ಸುರುವಿದಂಗ ಆಗತೈತಿ. ಎಷ್ಟ ದಿನಾರೀ ಇದು?”

“ನಂದ ಬಿಲ್ಲೆ ಬರೂತನಕ. ದೀಪಾವಳಿಗೆ ಮಾಡಿಸಿ ಕೊಡತೀನಿ ಅಂದಾನ ಮೇಸ್ತ್ರಿ.”

“ಕೊಡಲಿಲ್ಲಂದ್ರ?”

“ಕೊಡತಾನ ತಗೊ. ಹೆಸರಿನ್ಯಾಗ ಏನೈತಿ? ನನ್ನ ಕೈಕಾಲು ನಂದ ಅದಾವಲ್ಲ. ಪಲ್ಯ ನೀಡು.”

ಅವ್ವ ಪಲ್ಯ ನೀಡಿದಳು, ಮಾತು ನೀಡಲಿಲ್ಲ. ಎರಡು ದಿನ ಅವರಿಬ್ಬರ ನಡುವೆ ನಾನೇ ಹರಿದಾಡಿದೆ. ‘ನಿಮ್ಮಪ್ಪಗ ನೀರು ಕಾದಾವು ಅನ್ನು’, ‘ನಿಮ್ಮವ್ವಗ ಅಂಗಿ ಎಲ್ಲಿ ಅಂತ ಕೇಳು’. ಒಂದೇ ಖೋಲಿಯಲ್ಲಿ ಒಂದು ಮಾರು ದೂರ ಕುಳಿತು ಹೀಗೆ! ಮೂರನೆಯ ದಿನ ಅಪ್ಪ ಸಂತೆಯಿಂದ ಅವಳಿಗೆ ಹಸಿರು ಬಳೆ ತಂದ, ರಾಜಿಯಾಯಿತು. ಆದರೆ ಒಂದು ಮಾತನ್ನು ಅವ್ವ ಬಿಡಲಿಲ್ಲ. ಫ್ಯಾಕ್ಟರಿಯ ಗೇಟಿಗೆ ತಾನು ಹೋಗುವುದಿಲ್ಲ.

ಗೇಟಿನ ಮಾತು ಬಂದದ್ದು ಬುತ್ತಿಯಿಂದ. ಊರಲ್ಲಿ ಅವ್ವ ದಿನಾ ಮಧ್ಯಾಹ್ನ ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಮುಂಜಾನೆಯ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಕೊಂಡು ಹೋಗಿ ಮಧ್ಯಾಹ್ನ ಬಿಚ್ಚಿ ತಿನ್ನುವುದು ಅನಾಥರ ಊಟ ಎಂದು ಆಕೆಯ ಲೆಕ್ಕ. ದುಡಿಯುವವನಿಗೆ ಬಿಸಿ ರೊಟ್ಟಿ ಮನೆಯವರ ಕೈಯಿಂದಲೇ ಮುಟ್ಟಬೇಕು. ಆಕೆ ಗೇಟಿಗೆ ಹೋದರೆ ‘ದ್ಯಾಮಣ್ಣನ ಹೆಂಡ್ತಿ ಬಂದಾಳ’ ಎಂದು ಕೂಗುತ್ತಾರೆ, ಅದು ಆಗದ ಮಾತು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಸಾಲೆಯ ಮಧ್ಯಾಹ್ನದ ಸೂಟಿ ಆದೊಡನೆ ಖೋಲಿಗೆ ಓಡಿ, ಬಿಳಿ ಧೋತರದ ತುಂಡಿನಲ್ಲಿ ಕಟ್ಟಿಟ್ಟ ಬುತ್ತಿ ಎತ್ತಿಕೊಂಡು ಗೇಟಿಗೆ ಹೋಗುತ್ತಿದ್ದೆ. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ. ಬಟ್ಟೆಯ ಮೂಲಕ ಬಿಸಿ ನನ್ನ ಹೊಟ್ಟೆಗೆ ತಾಕುತ್ತಿತ್ತು. ಹೋಗುವ ಮುಂಚೆ ಅಪ್ಪ ನನಗೆ ಪಾಠ ಹೇಳಿಕೊಟ್ಟಿದ್ದ: ಯಾರು ಕೇಳಿದರೂ ದ್ಯಾಮಣ್ಣ ಅನ್ನು. ಮರೆತರೆ ನನ್ನ ಕೆಲಸ ಹೋಗತೈತಿ, ನಿನ್ನ ಸಾಲಿ ಹೋಗತೈತಿ. ಗೇಟಿನಲ್ಲಿ ಹುಸೇನಜ್ಜ ಎಂಬ ಮುದುಕ ವಾಚಮನ್ ಕೂರುತ್ತಿದ್ದ. ಮೊದಲ ದಿನ ನನ್ನನ್ನು ತಡೆದು ಕೇಳಿದ.

“ಯಾರ ಬುತ್ತಿ?”

“ದ್ಯಾಮಣ್ಣಂದು.”

“ದ್ಯಾಮಣ್ಣ ನಿನಗ ಏನಾಗಬೇಕು?”

“ನಮ್ಮಪ್ಪ.”

ಹುಸೇನಜ್ಜ ಒಳಕ್ಕೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ‘ದ್ಯಾಮಣ್ಣಾ! ಬುತ್ತಿ ಬಂದೈತಿ!’ ಎಂದು ಕೂಗಿದ. ಅಪ್ಪ ಇಪ್ಪತ್ತು ಹೆಜ್ಜೆ ದೂರದಲ್ಲಿ, ಟಾಕಿಯ ಹತ್ತಿರ, ಬೆನ್ನು ಮಾಡಿ ನೀರು ಕುಡಿಯುತ್ತಿದ್ದ. ತಿರುಗಲಿಲ್ಲ. ಮತ್ತೆ ಕೂಗಿದ, ಆಗಲೂ ತಿರುಗಲಿಲ್ಲ. ಮೂರನೆಯ ಸಲ ಮೈಮೇಲೆ ಎಚ್ಚರ ಬಂದವನಂತೆ ಹೊರಳಿ ನೋಡಿ ಓಡಿ ಬಂದ. ‘ಏನೋ, ಕಿವಿ ಮಂದ ಏನು ನಿಂದು?’ ಎಂದು ಹುಸೇನಜ್ಜ ಗದರಿದ. ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ ಕುಳಿತು ಅಪ್ಪ ಉಂಡ, ಕೊನೆಯ ತುತ್ತನ್ನು ನನ್ನ ಬಾಯಿಗಿಟ್ಟ. ನಾವಿಬ್ಬರೂ ನಗು ತಡೆದುಕೊಂಡಿದ್ದೆವು. ತಿಂಗಳೊಪ್ಪತ್ತಿನಲ್ಲಿ ಅಪ್ಪ ಮೊದಲ ಕೂಗಿಗೇ ಹೊರಳತೊಡಗಿದ. ಆಗ ನನಗೆ ನಗು ಬರಲಿಲ್ಲ. ಯಾರೋ ಅಪ್ಪನನ್ನು ನನ್ನಿಂದ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಹೋಗುತ್ತಿದ್ದಾರೆ ಅನ್ನಿಸಿ, ಒಂದು ದಿನ ಅವನ ಕೊನೆಯ ತುತ್ತನ್ನು ಒಲ್ಲೆ ಎಂದೆ.

ದೀಪಾವಳಿಗೆ ಇನ್ನೂ ಹದಿನೈದು ದಿನವಿತ್ತು. ಅಪ್ಪ ತನ್ನ ಬಿಲ್ಲೆಯ ಮಾತನ್ನು ದಿನಾ ಆಡುತ್ತಿದ್ದ. ಆ ಮಧ್ಯಾಹ್ನ ನಾನು ಗೇಟಿಗೆ ಹೋದಾಗ ಹುಸೇನಜ್ಜ ಕುರ್ಚಿಯಲ್ಲಿ ಇರಲಿಲ್ಲ. ಒಳಗೆ ಜನ ಒಂದೇ ಕಡೆಗೆ ಓಡುತ್ತಿದ್ದರು. ಬುತ್ತಿ ಎದೆಗೆ ಒತ್ತಿಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಒಂದು ಜೀಪು ಧೂಳೆಬ್ಬಿಸುತ್ತ ಹೊರಗೆ ಬಂತು, ಹಿಂದೆ ಗೋಣಿಚೀಲ ಹೊದಿಸಿದ ಯಾರೋ ಮಲಗಿದ್ದರು. ಹುಸೇನಜ್ಜ ಬಂದು ನನ್ನನ್ನು ನೋಡಿದ. ಎಂದಿನಂತೆ ‘ಯಾರ ಬುತ್ತಿ’ ಎಂದು ಕೇಳಲಿಲ್ಲ.

“ನಿಮ್ಮವ್ವನ್ನ ಕರಕೊಂಡು ಕೊಪ್ಪಳ ದವಾಖಾನಿಗೆ ಹೋಗವಾ. ಲಗೂ ಹೋಗು.”

ಅಪ್ಪನ ಮೈಮೇಲೆ ಕರಗಿದ ಕಬ್ಬಿಣ ಚೆಲ್ಲಿತ್ತಂತೆ. ಟಂಟಂನಲ್ಲಿ ಕುಳಿತು ಕೊಪ್ಪಳ ಮುಟ್ಟುವ ತನಕ ಅವ್ವ ನನ್ನ ಕೈಯಿಂದ ಬುತ್ತಿಯನ್ನು ಇಸಿದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದವಾಖಾನೆಯಲ್ಲಿ ಮೇಜಿನ ಹಿಂದೆ ಒಬ್ಬ ಬರೆಯುವವನು ಕುಳಿತಿದ್ದ. ಒಳಗೆ ಬಿಡುವ ಮುಂಚೆ ಅವನಿಗೆ ಹೆಸರು ಬೇಕಿತ್ತು.

“ಪೇಶಂಟಿನ ಹೆಸರೇನು?”

ಅವ್ವನ ತುಟಿಗಳು ಅಲುಗಿದವು. ಸೆರಗು ಬಾಯಿಗೆ ಹೋಯಿತು. ಕೈ ನನ್ನ ಭುಜಕ್ಕೆ ಬಂತು.

“ನೀನ ಹೇಳವಾ.”

ನಾನು ‘ದ್ಯಾಮಣ್ಣ’ ಎಂದೆ. ಕೇಳಿದೊಡನೆ ಬಂದುಬಿಟ್ಟಿತು, ದಿನಾ ಹೇಳಿ ಹೇಳಿ ರೂಢಿಯಾದದ್ದು. ಅವನು ಬರೆದುಕೊಂಡ. ಭುಜದ ಮೇಲಿದ್ದ ಅವ್ವನ ಕೈ ಬಿಗಿಯಾಯಿತು, ಉಗುರು ಊರುವಷ್ಟು. ಆಕೆ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಅಪ್ಪನ ಮಣಿಕಟ್ಟಿಗೆ ಆ ಹೆಸರಿನ ಚೀಟಿ ಕಟ್ಟಿದರು. ಅಪ್ಪ ಮತ್ತೆರಡು ದಿನ ಇದ್ದ, ಬಟ್ಟೆ ಸುತ್ತಿ ಕಣ್ಣಷ್ಟೇ ಕಾಣುತ್ತಿತ್ತು. ನರ್ಸು ಬಂದಾಗಲೆಲ್ಲ ‘ದ್ಯಾಮಣ್ಣ, ಕಣ್ಣ ತೆರಿ, ದ್ಯಾಮಣ್ಣ’ ಎಂದು ಕೂಗುತ್ತಿದ್ದಳು. ಅಪ್ಪ ತೆರೆಯಲಿಲ್ಲ. ಅವನದೇ ಹೆಸರು ಹಿಡಿದು ಕರೆದಿದ್ದರೆ ತೆರೆಯುತ್ತಿದ್ದನೇ? ಈ ಪ್ರಶ್ನೆ ನನ್ನನ್ನು ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ. ನಾನು ಕಿವಿಯ ಹತ್ತಿರ ಬಗ್ಗಿ ‘ಯಪ್ಪಾ’ ಎಂದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ಬರಲಿಲ್ಲ, ಪಕ್ಕದಲ್ಲೇ ಮೇಸ್ತ್ರಿ ನಿಂತಿದ್ದ. ಮೂರನೆಯ ದಿನ ಮುಂಜಾನೆ ಅಪ್ಪ ಹೋದ.

ಊರಿಂದ ಮಾವ ಬಂದ. ಬಿತ್ತನೆ ಅರ್ಧಕ್ಕೆ ಬಿಟ್ಟು ಬಂದಿದ್ದ, ಕಾಲಲ್ಲಿ ಇನ್ನೂ ಎರೆಮಣ್ಣು ಮೆತ್ತಿತ್ತು. ಅಪ್ಪನ ಮಣಿಕಟ್ಟಿನ ಚೀಟಿಯಲ್ಲಿ ಏನಿದೆ ಎಂದು ನನ್ನನ್ನೇ ಕೇಳಿದ. ನಾನು ಓದಿ ಹೇಳಿದೆ. ಮಾವ ಗೋಡೆ ಹಿಡಿದುಕೊಂಡು ಕೆಳಗೆ ಕುಳಿತ. ಆಮೇಲೆ ಎದ್ದು ಆ ಬರೆಯುವವನ ಕಡೆಗೆ ಹೊರಟ.

“ಅಂವ ನಾನಲ್ರೀ ಸಾಹೇಬ್ರ. ನಾ ಇಲ್ಲಿ ನಿಂತೀನಿ, ನೋಡ್ರಿ…”

ಮೇಸ್ತ್ರಿ ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ.

“ಬಾಯಿ ಮುಚ್ಚು. ಬಿಲ್ಲೆ ಕೊಟ್ಟಾಂವ ನೀ. ಕೇಸ್ ಆದ್ರ ಮೊದಲು ಒಳಗ ಹೋಗಾಂವ ನೀ. ನಿನ್ನ ಮೂರು ಮಕ್ಕಳನ್ನ ಯಾರು ನೋಡತಾರ? ಸತ್ತಾಂವ ಅಂತೂ ಸತ್ತ.”

ಮಾವ ಅವ್ವನ ಮುಖ ನೋಡಿದ. ಅವ್ವ ಅಣ್ಣನ ಮುಖವನ್ನೇ ನೋಡುತ್ತ ನಿಂತಳು. ಬೇಕೆಂದೋ ಬೇಡವೆಂದೋ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅಲ್ಲಾಡಿಸಲಿಲ್ಲ. ದ್ಯಾಮಣ್ಣ ಎಂಬ ಹೆಸರಿನಲ್ಲೇ ಅಪ್ಪನನ್ನು ನಮಗೆ ಕೊಟ್ಟರು, ಊರಿಗೆ ತಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಪರಿಹಾರದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೂ ಮಾವನ ಹೆಂಡತಿ ಕುಂಕುಮ ಅಳಿಸಿಕೊಂಡು ಹೋಗಿ ಕೇಳಬೇಕಾಗಿತ್ತು. ಮಾವ ಮುಂದೆ ಬದುಕಿರುವ ತನಕ ಪ್ರತಿ ವರ್ಷ ಮೊದಲು ನಮ್ಮ ಹೊಲ ಬಿತ್ತಿ ಆಮೇಲೆ ತನ್ನ ಹೊಲಕ್ಕೆ ಇಳಿದ. ಆ ಮುಯ್ಯಿ ತೀರಿತೆಂದು ಅವನು ಎಂದೂ ತಿಳಿಯಲಿಲ್ಲ.

ನಾನೀಗ ಅಳವಂಡಿ ಹತ್ತಿರದ ಒಂದು ಸಾಲೆಯಲ್ಲಿ ಕಲಿಸುತ್ತೇನೆ. ಜೂನ್ ತಿಂಗಳಲ್ಲಿ ಹೆಸರು ಹಚ್ಚಲು ಬಂದ ತಾಯಂದಿರಲ್ಲಿ ಈಗಲೂ ಒಬ್ಬಿಬ್ಬರು ಮಗುವಿನ ಭುಜ ತಿವಿಯುತ್ತಾರೆ. ನಾನು ಮಗುವಿಗೆ ಹೇಳಲು ಬಿಡುವುದಿಲ್ಲ. ಪೆನ್ನು ಕೆಳಗಿಟ್ಟು, ಆ ತಾಯಿಯ ಬಾಯಿಂದಲೇ ಬರಲಿ ಎಂದು ಕಾಯುತ್ತೇನೆ. ಹೊರಗೆ ಸಾಲು ಉದ್ದವಾಗುತ್ತದೆ. ಜೊತೆಯ ಮಾಸ್ತರುಗಳು ಇದಕ್ಕೆ ಅಕ್ಕೋರ ಹಟ ಎಂದು ಹೆಸರಿಟ್ಟಿದ್ದಾರೆ. ಇರಲಿ.

ಆ ವರ್ಷ ಅಪ್ಪನ ದಿನಕರ್ಮ ಮುಗಿದ ಮೇಲೆ ಖೋಲಿ ಖಾಲಿ ಮಾಡಲೆಂದು ಅವ್ವ ನನ್ನನ್ನು ಕರೆದುಕೊಂಡು ಗಿಣಿಗೇರಾಕ್ಕೆ ಬಂದಳು. ಟ್ರಂಕಿನ ಮೇಲೆ, ಒಲೆಯ ಮೇಲೆ ಕರಿಧೂಳು ಬೆರಳು ದಪ್ಪ ಕೂತಿತ್ತು. ಗಂಟು ಕಟ್ಟುವ ಬದಲು ಅವ್ವ ಕಸ ಗುಡಿಸಿದಳು, ಒಲೆ ಹೊತ್ತಿಸಿದಳು, ಹಿಟ್ಟು ನಾದಿ ರೊಟ್ಟಿ ಬಡಿದಳು. ದಾರಿಗೆ ಬುತ್ತಿ ಕಟ್ಟುತ್ತಿದ್ದಾಳೆ ಎಂದುಕೊಂಡೆ. ಅದೇ ಧೋತರದ ತುಂಡಿನಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟಳು, ಎಂದೂ ಹೋಗದ ಗೇಟಿನ ಕಡೆಗೆ. ನಾನು ಹಿಂದೆ ಓಡಿದೆ. ಅವಳ ಹಣೆ ಬೋಳಾಗಿತ್ತು, ಕೈಯಲ್ಲಿ ಹಸಿರು ಬಳೆ ಇರಲಿಲ್ಲ. ಹುಸೇನಜ್ಜ ಎದ್ದು ನಿಂತ.

“ಯಾರ ಬುತ್ತಿ ಯವ್ವಾ?”

ಅವ್ವ ಬಾಯಿಯ ಮೇಲಿನ ಸೆರಗು ತೆಗೆದಳು.

“ಯಮನೂರಪ್ಪಂದು.”

ಮದುವೆ ಮನೆಯಿಲ್ಲ, ಒಡಪಿಲ್ಲ. ಬರೀ ಹೆಸರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದ ಹುಸೇನಜ್ಜ. ‘ಅದಾರ. ಇಲ್ಲೇ ದುಡದಾರ, ಇಲ್ಲೇ ಸುಟ್ಟು ಹೋಗ್ಯಾರ. ಕರೀರಿ’ ಎಂದಳು. ಅವನು ನನ್ನನ್ನು ನೋಡಿದ, ಗುರುತು ಹತ್ತಿತು, ತಲೆ ತಗ್ಗಿಸಿದ. ಕರೆಯಲಿಲ್ಲ. ಅವ್ವ ಬೇವಿನ ಗಿಡದ ಕೆಳಗೆ ಫ್ಯಾಕ್ಟರಿಯ ಸಂಜೆಯ ಭೋಂಗಾ ಕೂಗುವ ತನಕ ಕುಳಿತು ಎದ್ದು ಬಂದಳು. ದಾರಿಯಲ್ಲಿ ನಾನು ಹೆದರುತ್ತ ಕೇಳಿದೆ.

“ಅವ್ವಾ, ಹೆಸರು ಹೇಳಿದೆಲ್ಲ…”

“ಇನ್ನ ಯಾವ ಆಯುಷ್ಯ ಕಡಿಮಿ ಆಗೂದೈತಿ? ದವಾಖಾನ್ಯಾಗ ನಾ ಹೇಳಬೇಕಾಗಿತ್ತು. ನಿನ್ನ ಬಾಯಿಗೆ ಹಚ್ಚಿ ಬಿಟ್ಟೆ. ತಪ್ಪು ನಂದು, ನಿಂದಲ್ಲ. ತಿಳೀತಿಲ್ಲೊ?”

ತಿಳಿಯಿತೆಂದು ತಲೆಯಾಡಿಸಿದೆ. ಇವತ್ತಿಗೂ ಪೂರ್ತಿ ತಿಳಿದಿಲ್ಲ. ಎರಡನೆಯ ದಿನ ಮತ್ತೆ ಬಿಸಿ ರೊಟ್ಟಿ, ಮತ್ತೆ ಗೇಟು, ಮತ್ತೆ ಅದೇ ಹೆಸರು. ಆ ದಿನ ಮೇಸ್ತ್ರಿ ಹೊರಗೆ ಬಂದು, ಹುಚ್ಚಿಯನ್ನು ಅಟ್ಟು ಎಂದು ಹುಸೇನಜ್ಜನಿಗೆ ಕೂಗಿ ಹೋದ. ಹುಸೇನಜ್ಜ ಅಟ್ಟಲಿಲ್ಲ, ತನ್ನ ತಂಬಿಗೆಯ ನೀರನ್ನು ಅವ್ವನ ಮುಂದೆ ಇಟ್ಟ. ಮೂರನೆಯ ದಿನ ನಾವು ಹೋದಾಗ ಊಟದ ಹೊತ್ತು, ಗಂಡಸರು ಟಾಕಿಯ ಹತ್ತಿರ ಕೈ ತೊಳೆಯುತ್ತಿದ್ದರು.

“ಯಮನೂರಪ್ಪನ ಬುತ್ತಿ ತಂದೀನ್ರಿ.”

“ನಾ ಕರದ್ರ ಯಾರ ಬರತಾರವಾ?”

“ಬರಂಗಿಲ್ಲಂತ ನನಗ ಗೊತ್ತೈತ್ರಿ. ಒಮ್ಮಿ ಕರೀರಿ.”

ಹುಸೇನಜ್ಜ ಬುತ್ತಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕುರ್ಚಿಯ ಮೇಲಿಟ್ಟ. ಒಳಕ್ಕೆ ತಿರುಗಿದ. ಕೈಗಳನ್ನು ಬಾಯಿಗೆ ಹಿಡಿದು, ದಿನಾ ಕೂಗುತ್ತಿದ್ದ ಅದೇ ಎತ್ತರದ ದನಿಯಲ್ಲಿ ಕೂಗಿದ.

“ಯಮನೂರಪ್ಪಾ! ಬುತ್ತಿ ಬಂದೈತಿ!”

ಟಾಕಿಯ ಹತ್ತಿರ ಇದ್ದವರೆಲ್ಲ ಹೊರಳಿ ನೋಡಿದರು. ಯಾರೂ ಬರಲಿಲ್ಲ. ಅವ್ವ ಬುತ್ತಿಯನ್ನು ಕುರ್ಚಿಯ ಮೇಲೇ ಬಿಟ್ಟು, ನನ್ನ ಕೈ ಹಿಡಿದುಕೊಂಡು, ಖೋಲಿಗೂ ಹೋಗದೆ, ನೆಟ್ಟಗೆ ಊರಿನ ಬಸ್ಸಿಗೆ ನಡೆದಳು.